‘ಮರಳಿ ಮಣ್ಣಿಗೆ’: ಕಂಡದ್ದು ಮತ್ತು ಕಟ್ಟಿಕೊಂಡದ್ದು

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಕುರಿತು ಬರೆಯಹೊರಟ ವಿದ್ಯಾರ್ಥಿಯು ಸಾಮಾನ್ಯವಾಗಿ ಒಂದೇ ತೀರ್ಪಿನಿಂದ ಮೊದಲು ಮಾಡುತ್ತಾನೆ: ಇಂಗ್ಲಿಷ್ ವಿದ್ಯೆ ಲಚ್ಚನನ್ನು ಕೆಡಿಸಿತು, ಮಣ್ಣು ಅವನ ಮಗ ರಾಮನನ್ನು ಉಳಿಸಿತು. ವಿದ್ಯಾರ್ಥಿಯನ್ನು ಬೈದು ಫಲವಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜಗಲಿಗಳ ಮೇಲೆ, ದೂರದ ಊರಿಗೆ ಹೋದ ಮಗನ ಸುದ್ದಿ ಬಾರದಾದಾಗ, ಹಿರಿಯರು ಆಡುವ ಮಾತೂ ಇದೇ. ಆದರೆ ಕಾದಂಬರಿ ಈ ಮಾತನ್ನು ಹೇಳುತ್ತದೆಯೆ?

ಮನಶ್ಶಾಸ್ತ್ರಜ್ಞರು ಇಂಥಲ್ಲಿ ನಮಗಿಂತ ಎಚ್ಚರಿಕೆಯವರು. ಪ್ರಯೋಗ ಮಾಡಲಾಗದ ಕಡೆ ಅವರಿಗೆ ಎರಡು ದಾರಿಗಳುಂಟು. ಜನರ ನಡೆನುಡಿಯನ್ನು ಅದು ನಡೆಯುವಲ್ಲಿಯೇ, ತಾವು ಕೈಹಾಕದೆ, ನೋಡಿ ಬರೆದಿಡುವುದು ಅವಲೋಕನ. ಎರಡು ಸಂಗತಿಗಳು ಜೊತೆಜೊತೆಯಾಗಿ ಏರಿಳಿಯುವುದನ್ನು ಅಳೆಯುವುದು ಸಹಸಂಬಂಧ; 1888ರಲ್ಲಿ ಗಾಲ್ಟನ್ ಇದಕ್ಕೊಂದು ಅಳತೆಯನ್ನು ಸೂಚಿಸಿದನು, ಪಿಯರ್‌ಸನ್ ಅದನ್ನು ಗಣಿತದಲ್ಲಿ ಭದ್ರಪಡಿಸಿದನು. ಆದರೆ ಜೊತೆಗಿದ್ದದ್ದೆಲ್ಲ ಕಾರಣವಾಗದು. ಮಳೆಗಾಲದಲ್ಲಿ ನಮ್ಮ ಕರಾವಳಿಯ ದಾರಿಗಳಲ್ಲಿ ಕೊಡೆಗಳೂ ಹೆಚ್ಚುತ್ತವೆ, ಗದ್ದೆಗಳಲ್ಲಿ ಕಪ್ಪೆಗಳ ಕೂಗೂ ಹೆಚ್ಚುತ್ತದೆ. ಕೊಡೆ ಬಿಚ್ಚಿದ್ದರಿಂದ ಕಪ್ಪೆ ಕೂಗಿತೆಂದು ಯಾರೂ ಹೇಳರು; ಎರಡರ ಹಿಂದೆಯೂ ಮಳೆಯಿದೆ.

ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಕಾರಂತರು ಮೊದಲನೆಯ ದಾರಿಯಲ್ಲಿ ಪಳಗಿದವರು. ಕಡಲಿಗೂ ಹೊಳೆಗೂ ನಡುವಣ ಕೋಡಿಯ ಆ ಮರಳ ಪಟ್ಟಿಯಲ್ಲಿ ಪಾರೋತಿಯೂ ಸರಸೋತಿಯೂ ಬೆಳಗಿನಿಂದ ಬೈಗಿನವರೆಗೆ ದುಡಿಯುವುದನ್ನು ಅವರು ಹೊಗಳುವುದೂ ಇಲ್ಲ, ಅಯ್ಯೋ ಎನ್ನುವುದೂ ಇಲ್ಲ; ನೋಡುತ್ತಾರೆ. ಹೆಂಗಸರ ದುಡಿಮೆಯನ್ನು ಇಷ್ಟು ಹೊತ್ತು ನಿಂತು ನೋಡಿದ ಕಾದಂಬರಿ ಕನ್ನಡದಲ್ಲಿ ಅದಕ್ಕೆ ಮೊದಲು ಇರಲಿಲ್ಲವೆಂದೇ ನನ್ನ ಎಣಿಕೆ.

ಹೀಗೆ ನೋಡಿ ಬರೆದ ಕಾದಂಬರಿಯಲ್ಲಿಯೇ ನಮ್ಮ ತೀರ್ಪಿಗೆ ಎದುರುಸಾಕ್ಷಿಗಳು ಕುಳಿತಿವೆ. ಇಂಗ್ಲಿಷ್ ಕಲಿತ ಲಚ್ಚ ಕೆಟ್ಟನು, ನಿಜ. ಆದರೆ ಮದರಾಸಿಗೆ ಹೋಗಿ ಬಿ.ಎ. ಓದಿದ ರಾಮನೂ ಇಂಗ್ಲಿಷ್ ಕಲಿತವನೇ ಅಲ್ಲವೆ? ಮಣ್ಣು ಬಿಟ್ಟವರೆಲ್ಲ ಹಾಳಾದರೆನ್ನೋಣವೆಂದರೆ, ಶೀನಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಏಳಿಗೆ ಹೊಂದುತ್ತಾರೆ. ಅದು ಬರಿಯ ಕಟ್ಟುಕಥೆಯೂ ಅಲ್ಲ: ಕೋಟದ ನೆರೆಯ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ತೆರೆದ ಹೋಟೆಲೇ ಇಂದಿನ ಎಂ.ಟಿ.ಆರ್.

ಹಾಗಾದರೆ ಲಚ್ಚನನ್ನು ಕೆಡಿಸಿದ್ದೇನು? ತಡವಾಗಿ ಹುಟ್ಟಿದ ಒಬ್ಬನೇ ಮಗನೆಂಬ ಮುದ್ದೆ? ತಂದೆಯ ಗಂಟೆ? ತಾನು ಕೂತುಂಡು ಹೆಂಗಸರು ದುಡಿಯುವ ಮನೆಯೆ? ರಾಮನಾದರೋ ತಾಯಿ ನಾಗವೇಣಿಯ ಕಷ್ಟವನ್ನು ಕಣ್ಣಾರೆ ಕಂಡು ಬೆಳೆದನು. ಆದರೆ ‘ಬಡತನ ಉದ್ಧರಿಸಿತು’ ಎಂದು ಇಲ್ಲಿ ಬರೆದರೆ, ಒಂದು ಕೊಡೆಯನ್ನು ಕೆಳಗಿಟ್ಟು ಇನ್ನೊಂದನ್ನು ಹಿಡಿದಂತಾಯಿತು. ಇಬ್ಬರು ಹುಡುಗರಿಂದ ನಿಯಮ ಹುಟ್ಟದು. ಲಚ್ಚನನ್ನು ಇನ್ನೊಮ್ಮೆ, ಬಡವರ ಮನೆಯಲ್ಲಿ, ಬೆಳೆಸಿ ನೋಡುವಂತಿಲ್ಲ.

ತಪ್ಪು ಓದುಗನೊಬ್ಬನದೇ ಎಂದೂ ನಾನು ಹೇಳಲಾರೆ. ಕೊನೆಯ ಭಾಗದಲ್ಲಿ ಕಾರಂತರೇ ಅವಸರಪಡುತ್ತಾರೆ. ಮುಂಬಯಿಯಲ್ಲಿ ಬಳಲಿದ ರಾಮನು ಊರಿಗೆ ಹಿಂದಿರುಗುವಲ್ಲಿ ಮೊದಲರ್ಧದ ತಾಳ್ಮೆಯ ಕಣ್ಣು ಕಾಣದು. ಹಾಗಾಗಲೆಂಬ ಲೇಖಕರ ಬಯಕೆ ಕಾಣುತ್ತದೆ. ಹೆಸರೇ ಮೊದಲೇ ಕೊಟ್ಟ ತೀರ್ಪಿನಂತಿದೆ. ಮೂರು ತಲೆಮಾರನ್ನು ನೋಡುತ್ತ ಬಂದವರು ಕಡೆಗೆ ತಾವೇ ಕೈಹಾಕಿದರು.

ಆದರೂ ಮೊದಲು ನೋಡಿದ್ದು ಅಳಿಸಿಹೋಗಿಲ್ಲ. ರಾಮ ಐತಾಳರು ಇಂಗ್ಲಿಷ್ ಕಲಿತವರಲ್ಲ, ಮಣ್ಣು ಬಿಟ್ಟವರೂ ಅಲ್ಲ. ಅವರು ಎರಡನೆಯ ಮದುವೆ ಮಾಡಿಕೊಂಡಾಗ ಪಾರೋತಿ ನುಂಗಿದ ನೋವನ್ನು ನಮ್ಮ ಉತ್ತರಪತ್ರಿಕೆಗಳು ಯಾವ ವಿದ್ಯೆಯ ಲೆಕ್ಕಕ್ಕೆ ಬರೆಯುತ್ತವೆ?