ಪಟ್ಟಾಂಗದ ಧರ್ಮ

ಕನ್ನಡದಲ್ಲಿ ಹರಟೆಗೆ ಮರ್ಯಾದೆಯ ಸ್ಥಾನ ದೊರೆತು ಬಹಳ ಕಾಲವಾಯಿತು. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಪ್ರಕಟವಾಯಿತು. ಅಲ್ಲಿಂದೀಚೆಗೆ ಲಲಿತ ಪ್ರಬಂಧವೆಂಬ ಗಂಭೀರ ನಾಮಧೇಯವನ್ನು ಹೊತ್ತು ಈ ಪ್ರಕಾರ ಪಠ್ಯಪುಸ್ತಕಗಳಿಗೂ ಪ್ರವೇಶಿಸಿದೆ. ಆದರೆ ಒಂದು ಮಾತನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಚ್ಚಾದ ಹರಟೆಯಲ್ಲಿ ಮಾತನಾಡುವವನು ಒಬ್ಬನೇ. ಅವನು ಕೊಡೆಯಿಂದ ತತ್ತ್ವಕ್ಕೂ ತತ್ತ್ವದಿಂದ ಕಾಫಿಗೂ ಹಾರಿದರೆ ತಡೆದು ಕೇಳುವವರಿಲ್ಲ. ಓದುಗನು ಮುಗುಳ್ನಗುತ್ತಾ ಹಿಂದೆ ಹೋಗಬೇಕು, ಅಷ್ಟೆ. ನಿಜವಾದ ಹರಟೆಯ ಜೀವವೇ ಆದ ಎದುರುಮಾತು ಅಲ್ಲಿ ಇಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ನಾಲ್ಕು ಜನ ಕೂಡಿ ಆಡುವ ಇಂಥ ಮಾತಿಗೆ ಪಟ್ಟಾಂಗವೆನ್ನುತ್ತಾರೆ. ಕೆಲಸವಿಲ್ಲದವರ ಕೆಲಸವೆಂಬ ಹಗುರವಾದ ಭಾವವೂ ಆ ಪದಕ್ಕೆ ಅಂಟಿಕೊಂಡಿದೆ. ನಾನು ಇಲ್ಲಿ ಈ ಪಟ್ಟಾಂಗವನ್ನು, ಅದರಲ್ಲಿಯೂ ಕಾಲ್ಚೆಂಡಿನ ಆಟದ ಸುತ್ತ ಬೆಳೆಯುವ ಪಟ್ಟಾಂಗವನ್ನು, ಒಂದು ಸಾಹಿತ್ಯ ಪ್ರಕಾರದಂತೆ ಭಾವಿಸಿ ಪರೀಕ್ಷಿಸಬಯಸುತ್ತೇನೆ. ಅದಕ್ಕೆ ರೂಪವುಂಟೆ? ನಿಯಮವುಂಟೆ? ಗುಣದೋಷಗಳನ್ನು ಹೇಳಲು ಬರುವುದೆ?

ಈ ಕರಾವಳಿಯಲ್ಲಿ ಕಾಲ್ಚೆಂಡೆಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಬಯಲುಗಳಲ್ಲಿ ಹೆಚ್ಚಾಗಿ ಕಾಣುವುದು ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲು. ಗದ್ದೆಗೆ ಬಂದರೆ ಕಂಬಳ. ಆದರೆ ಟೆಲಿವಿಷನ್ ಬಂದ ಮೇಲೆ, ಕೊಲ್ಲಿ ನಾಡುಗಳಿಗೆ ಹೋಗಿ ಬರುವವರು ಮನೆಮನೆಗಳಲ್ಲಿ ಆದ ಮೇಲೆ, ವಿಶ್ವಕಪ್ಪಿನ ಆಟ ಇಲ್ಲಿಯದೂ ಆಗಿಹೋಗಿದೆ. 2022ರ ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಕತಾರಿನಲ್ಲಿ ಪಂದ್ಯಗಳು ನಡೆದಾಗ, ರಾತ್ರಿ ನಿದ್ದೆಗೆಟ್ಟವರೆಲ್ಲ ಮರುದಿನ ಸಂಜೆ ಮೈದಾನದಂಚಿನ ಕಟ್ಟೆಗಳಲ್ಲಿ ಸೇರುತ್ತಿದ್ದರು. ನಾನು ಆ ಮಾತುಗಳನ್ನು ಕೇಳಿದವನು. ಆಗಾಗ ಆಡಿದವನೂ ಹೌದು.

ಒಂದು ಉದಾಹರಣೆ ಸಾಕು. ಡಿಸೆಂಬರ್ 1ರ ಪಂದ್ಯದಲ್ಲಿ ಜಪಾನು ಸ್ಪೇನನ್ನು 2–1ರಿಂದ ಸೋಲಿಸಿತಷ್ಟೆ. ನಮ್ಮ ಲೆಕ್ಕಕ್ಕೆ ಅದು ಮಧ್ಯರಾತ್ರಿ ಕಳೆದ ಮೇಲಿನ ಆಟ. ಜಪಾನಿನ ಎರಡನೆಯ ಗೋಲಿಗೆ ಮೊದಲು ಚೆಂಡು ಗೆರೆಯಾಚೆ ಹೋಗಿತ್ತೆಂದೇ ನೋಡಿದವರಿಗೆಲ್ಲ ತೋರಿತು. ಆದರೆ ತೀರ್ಪು ಹೋಗಿಲ್ಲವೆಂದು ಬಂತು; ಆ ಗೋಲಿನ ಬಲದಿಂದ ಜಪಾನು ಮುಂದಿನ ಸುತ್ತಿಗೆ ನಡೆಯಿತು, ಜರ್ಮನಿ ಮನೆಗೆ ಹೋಯಿತು. ಕಟ್ಟೆಯ ಮೇಲೆ ಭಾರೀ ಗದ್ದಲ. ಒಬ್ಬರು ಹಣ ನಡೆದಿದೆಯೆಂದರು, ಇನ್ನೊಬ್ಬರು ಯಂತ್ರವನ್ನು ಬೈದರು. ಆಗ ಗಾರೆ ಕೆಲಸದವರೊಬ್ಬರು ನನ್ನ ಕಡೆ ತಿರುಗಿ, “ಚೆಂಡ್ ನೆಲಕ್ ತಾಗಿದ್ ಜಾಗ ಕಾಂಬುದಲ್ಲ ಮಾಷ್ಟ್ರೆ, ಅದ್ರ ಹೊಟ್ಟಿಂದ ಗುಂಡ್ ಇಳಿಸಿ ಕಾಣಿ” ಎಂದರು. ಗೋಡೆ ನೆಟ್ಟಗಿದೆಯೋ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿನ ಮಾತು ಅದು. ಚೆಂಡಿನ ಅಡ್ಡಳತೆ ಸುಮಾರು 22 ಸೆಂಟಿಮೀಟರು. ಅದು ನೆಲವನ್ನು ಮುಟ್ಟುವುದು ನಡುವಿನ ಒಂದು ಚುಕ್ಕೆಯಲ್ಲಿ ಮಾತ್ರ. ಆ ಚುಕ್ಕೆ ಗೆರೆಯಿಂದ ಹತ್ತು ಸೆಂಟಿಮೀಟರು ಆಚೆಗಿದ್ದರೂ ಚೆಂಡಿನ ಉಬ್ಬು ಗೆರೆಯ ಮೇಲೆಯೇ ಚಾಚಿಕೊಂಡಿರುತ್ತದೆ. ಇಡೀ ಚೆಂಡು ಇಡೀ ಗೆರೆಯನ್ನು ದಾಟಬೇಕೆಂಬುದು ನಿಯಮ. ರೇಖಾಗಣಿತದ ಒಂದು ಪಾಠ ಕರಿಹಲಗೆಯಿಲ್ಲದೆ ಮುಗಿಯಿತು; ಹಣ ನಡೆದಿದೆ ಎಂದವರು ಸುಮ್ಮನಾದರು.

ಇದನ್ನು ಕೇಳುವಾಗ ನನಗೆ ತಾಳಮದ್ದಳೆಯ ನೆನಪಾಯಿತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ; ಅರ್ಥಧಾರಿಗಳು ಆಶುವಾಗಿ ವಾದ ಹೂಡುತ್ತಾರೆ. ಅವರು ವೇದ, ನ್ಯಾಯ, ಲೋಕಾನುಭವ ಯಾವುದನ್ನು ಬೇಕಾದರೂ ಎಳೆದು ತರಬಹುದು. ಆದರೆ ಎರಡು ಕಟ್ಟುಗಳಿವೆ. ಎಷ್ಟು ದೂರ ಹೋದರೂ ಪದ್ಯಕ್ಕೆ ಮರಳಿ ಬರಬೇಕು. ಆಡಿದ ಮಾತಿಗೆ ಎದುರಿನವನು ಉತ್ತರ ಕೊಡುವವರೆಗೆ ಕಾಯಬೇಕು. ಪಟ್ಟಾಂಗದ ಕಟ್ಟೂ ಇಷ್ಟೇ ಎಂದು ನನ್ನ ಅಭಿಪ್ರಾಯ. ಅಲ್ಲಿ ಪದ್ಯದ ಸ್ಥಾನದಲ್ಲಿ ಚೆಂಡಿದೆ. ರಾಜಕೀಯ, ವಿಜ್ಞಾನ, ಧರ್ಮ ಎಲ್ಲವೂ ಬರಬಹುದು, ಚೆಂಡಿನ ಬಾಗಿಲಿನಿಂದ ಬರಬೇಕು. ಬಂದದ್ದು ಎದುರುಮಾತಿಗೆ ತಲೆಯೊಡ್ಡಬೇಕು.

ಹೋಲಿಕೆ ಹೊರಗಿನದಷ್ಟೇ ಅಲ್ಲ. ‘ವಾಲಿವಧೆ’ಯಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಯನ್ನು ವಾಚಕರು ಬಲ್ಲರು. ಮರೆಯಲ್ಲಿ ನಿಂತು ಹೊಡೆದವನು ಧರ್ಮವನ್ನು ಹೇಗೆ ಹೇಳಿಯಾನು? ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಆ ಪ್ರಶ್ನೆಯನ್ನು ಮರೆಯಲಾರರು. ಈಗ 2010ರ ಜುಲೈ 2ರ ಆಟವನ್ನು ನೆನೆಯಿರಿ. ಘಾನಾದ ಚೆಂಡು ಗೋಲಿನೊಳಕ್ಕೆ ಹೋಗುತ್ತಿದ್ದಾಗ ಉರುಗ್ವೆಯ ಸ್ವಾರೆಜ್ ಗೆರೆಯ ಮೇಲೆ ನಿಂತು ಕೈಯಿಂದ ತಡೆದ. ಕೆಂಪು ಚೀಟಿ ಪಡೆದು ಹೊರಗೆ ನಡೆದ. ಘಾನಾಕ್ಕೆ ಸಿಕ್ಕಿದ ದಂಡದ ಒದೆ ಮೇಲಿನ ಪಟ್ಟಿಗೆ ಬಡಿದು ವ್ಯರ್ಥವಾಯಿತು. ಕೊನೆಗೆ ಉರುಗ್ವೆ ಗೆದ್ದಿತು. ನಿಯಮ ಪಾಲನೆಯಾಯಿತು, ಶಿಕ್ಷೆಯೂ ಆಯಿತು; ಫಲ ಮಾತ್ರ ತಪ್ಪು ಮಾಡಿದವರ ಪಾಲಿಗೆ ಹೋಯಿತು. ಹನ್ನೆರಡು ವರ್ಷಗಳ ಮೇಲೆ, 2022ರ ಡಿಸೆಂಬರ್ 2ರಂದು, ಅವೇ ತಂಡಗಳು ಮತ್ತೆ ಎದುರಾದಾಗ ಕಟ್ಟೆಯ ಮೇಲೆ ಈ ಹಳೆಯ ವ್ಯಾಜ್ಯ ಪುನಃ ವಿಚಾರಣೆಗೆ ಬಂತು.

ಅಲ್ಲಿಂದ ಮಾತು ಹಾರಿದ್ದು ವಿಧಾನಸಭೆಗೆ! 2019ರಲ್ಲಿ ಕರ್ನಾಟಕದ ಹದಿನೇಳು ಶಾಸಕರು ಅನರ್ಹರಾದರು. ಆ ವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದೆಂದಿತು. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆಯಾಯಿತು. ಅವರಲ್ಲಿ ಹಲವರು ಗೆದ್ದು ಬಂದು ಮಂತ್ರಿಗಳೂ ಆದರು. ಇದೂ ಸ್ವಾರೆಜನ ಕೈಯೇ ಎಂದು ಒಬ್ಬರ ವಾದ. ಕೂಡಲೇ ಇನ್ನೊಬ್ಬರು ತಡೆದರು. ಸ್ವಾರೆಜ್ ಮುಂದಿನ ಪಂದ್ಯ ಆಡಲಿಲ್ಲ. ಇವರನ್ನು ಮತ್ತೆ ಒಳಕ್ಕೆ ಕರೆದವರು ಮತದಾರರು. ರೆಫರಿಯನ್ನು ದೂರುವ ಮೊದಲು ಪ್ರೇಕ್ಷಕರನ್ನು ದೂರಬೇಡವೆ? ಈ ಎರಡನೆಯ ಮಾತಿನಿಂದ ಮೊದಲನೆಯದು ಸುಳ್ಳಾಗಲಿಲ್ಲ, ಆಳವಾಯಿತು. ಒಳ್ಳೆಯ ಉಪಮೆಯನ್ನು ಅದು ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಒತ್ತಿ ಪರೀಕ್ಷಿಸಬೇಕೆಂದು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಕಟ್ಟೆಯವರು ಅದನ್ನು ಯಾರೂ ಹೇಳಿಕೊಡದೆ ಮಾಡಿದರು.

ಇದಿಷ್ಟೇ ಆಗಿದ್ದರೆ ಪಟ್ಟಾಂಗವನ್ನು ಬುದ್ಧಿಯ ವಿನೋದವೆಂದು ಹೊಗಳಿ ಸುಮ್ಮನಿರಬಹುದಾಗಿತ್ತು. ಆದರೆ ಅದರಿಂದ ಆಗುವ ಕೆಲಸ ಇನ್ನೂ ದೊಡ್ಡದು. 2022ರ ಫೆಬ್ರವರಿಯಲ್ಲಿ ಕುಂದಾಪುರದಲ್ಲಿ ತಲೆವಸ್ತ್ರ ತೊಟ್ಟ ವಿದ್ಯಾರ್ಥಿನಿಯರ ಮುಂದೆ ಕಾಲೇಜಿನ ಬಾಗಿಲು ಮುಚ್ಚಿದ ದೃಶ್ಯವನ್ನು ದೇಶವೆಲ್ಲ ಕಂಡಿತು. ಆ ಮೇಲೆ ಊರಿನಲ್ಲಿ ಆ ವಿಷಯವನ್ನು ತಮ್ಮ ತಮ್ಮವರೊಡನೆ ಆಡುವವರು ಇದ್ದರು. ಎದುರಿನವರೊಡನೆ ಕುಳಿತು ಆಡುವವರು ಕಡಿಮೆಯಾದರು. ಅದೇ ವರ್ಷ ನವೆಂಬರ್ 21ರಂದು ಇಂಗ್ಲೆಂಡಿನ ವಿರುದ್ಧದ ಪಂದ್ಯಕ್ಕೆ ಮುನ್ನ ಇರಾನಿನ ಆಟಗಾರರು ತಮ್ಮ ರಾಷ್ಟ್ರಗೀತೆಯನ್ನು ಹಾಡದೆ ತುಟಿ ಬಿಗಿದು ನಿಂತರು. ತಲೆವಸ್ತ್ರದ ಕಡ್ಡಾಯವನ್ನು ಪ್ರತಿಭಟಿಸಿ ಅಲ್ಲಿನ ಹೆಂಗಸರು ಬೀದಿಗಿಳಿದಿದ್ದ ಕಾಲ. ಮರುದಿನ ಕಟ್ಟೆಯಲ್ಲಿ ಎರಡೂ ಸಮುದಾಯದವರಿದ್ದರು. “ಅಲ್ಲ್ ತೆಗುಕೆ ಗಲಾಟಿ, ಇಲ್ಲ್ ಹಾಕುಕೆ ಗಲಾಟಿ” ಎಂದರು ಒಬ್ಬರು. ಒಂದು ಕ್ಷಣ ಮೌನ. ಆಗ ಕೊಲ್ಲಿಯಲ್ಲಿ ದುಡಿದು ಬಂದ ತರುಣನೊಬ್ಬ ಕಾಲ್ಚೆಂಡಿನದೇ ಒಂದು ಸಂಗತಿ ಹೇಳಿದ. 2011ರಲ್ಲಿ ಇರಾನಿನ ಮಹಿಳಾ ತಂಡ ತಲೆವಸ್ತ್ರದ ಕಾರಣದಿಂದಲೇ ಒಲಿಂಪಿಕ್ ಅರ್ಹತೆಯ ಪಂದ್ಯವನ್ನು ಆಡಲಾಗದೆ ಹಿಂದಿರುಗಿತು. ಆಟದಲ್ಲಿ ಅಪಾಯವಾದೀತು ಎಂಬುದು ಆಗಿನ ಆಕ್ಷೇಪಗಳಲ್ಲಿ ಒಂದು. ಎರಡು ವರ್ಷ ಪ್ರಯೋಗ ಮಾಡಿ ನೋಡಿ, ಅಪಾಯ ಕಾಣದೆ, 2014ರಲ್ಲಿ ನಿಯಮವನ್ನು ತಿದ್ದಿ ಅನುಮತಿ ಕೊಟ್ಟರು.

ಇದರಿಂದ ಯಾರ ಮನಸ್ಸೂ ಬದಲಾಯಿತೆಂದು ನಾನು ಹೇಳಲಾರೆ. ಆಟದ ಬಯಲಿನ ನಿಯಮ ಬೇರೆ, ತರಗತಿಯ ನಿಯಮ ಬೇರೆ ಎಂದು ಹಿರಿಯರೊಬ್ಬರು ವಾದಿಸಿದರು, ವಾದದಲ್ಲಿ ಹುರುಳಿತ್ತು. ನಿಯಮ ಮಾಡುವವರು ಪರೀಕ್ಷಿಸಿ ನೋಡುವ ತಾಳ್ಮೆಯನ್ನಾದರೂ ತೋರಬೇಕೆಂದು ಇನ್ನೊಬ್ಬರು ಹೇಳಿದರು, ಅದರಲ್ಲಿಯೂ ಹುರುಳಿತ್ತು. ಮುಖ್ಯ ಸಂಗತಿಯೆಂದರೆ ಒಂಬತ್ತು ತಿಂಗಳಿಂದ ಎದುರುಬದುರಾಗಿ ಆಡಲಾಗದಿದ್ದ ಮಾತನ್ನು ಅಂದು ಆಡಿದರು, ಮತ್ತು ಮರುದಿನವೂ ಅವರೇ ಬಂದು ಅದೇ ಕಟ್ಟೆಯಲ್ಲಿ ಕುಳಿತರು. ಆಟದಲ್ಲಿ ರಾಜಕೀಯ ತರಬೇಡಿ ಎಂದು ಬೋಧಿಸುವವರು ಈ ಸಂಗತಿಯನ್ನು ಯೋಚಿಸಬೇಕು. ಬೇರೆಲ್ಲ ಬಾಗಿಲುಗಳು ಮುಚ್ಚಿದಾಗ ಚೆಂಡಿನ ಬಾಗಿಲೊಂದು ತೆರೆದಿದ್ದರೆ ಅದನ್ನೂ ಹಾಕಿಬಿಡಬೇಕೆ?

ಇಂಥ ಮಾತಿಗೆ ನಮ್ಮ ಸಾಹಿತ್ಯ ಕಿವಿಗೊಟ್ಟಿದೆಯೆ? ಈ ಸೀಮೆಗೆ ಲೇಖಕರ ಕೊರತೆಯಿಲ್ಲ. ಬ್ರಹ್ಮಾವರದ ಕಡೆಯ ಕೋಟದಲ್ಲಿ ಶಿವರಾಮ ಕಾರಂತರು (1902), ಬೈಂದೂರಿನ ಕಡೆಯ ಮೊಗೇರಿಯಲ್ಲಿ ಗೋಪಾಲಕೃಷ್ಣ ಅಡಿಗರು (1918), ಕುಂದಾಪುರದಲ್ಲಿ ವೈದೇಹಿಯವರು (1945) ಹುಟ್ಟಿದರು. ಕಾರಂತರ ಕುತೂಹಲದ ಹರವು ಪಟ್ಟಾಂಗದ ಹರವೇ. ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದವರೇ ಯಕ್ಷಗಾನಕ್ಕೆ ದುಡಿದರು, ಕಾದಂಬರಿ ಬರೆದರು, ಇಳಿವಯಸ್ಸಿನಲ್ಲಿ ಲೋಕಸಭೆಯ ಚುನಾವಣೆಗೂ ನಿಂತರು. ಆದರೆ ಅವರ ಬರಹದಲ್ಲಿ ಪರೀಕ್ಷಕನೊಬ್ಬನ ದನಿಯೇ ಎಲ್ಲವನ್ನೂ ಆಳುತ್ತದೆ. ಅಡಿಗರು 1971ರಲ್ಲಿ ಚುನಾವಣೆಗೆ ನಿಂತವರು. ‘ನೆಹರೂ ನಿವೃತ್ತರಾಗುವುದಿಲ್ಲ’ದಂಥ ಕವನದಲ್ಲಿ ರಾಜಕೀಯವನ್ನು ಕಾವ್ಯದ ನಡುಮನೆಗೆ ಕರೆತಂದರು. ಅವರ ವ್ಯಂಗ್ಯದ ಮೊನೆ ಅಪೂರ್ವವಾದುದು, ಆದರೆ ಅಲ್ಲಿ ಆಡುವವನು ಒಂಟಿ. ವೈದೇಹಿಯವರ ಕತೆಗಳಲ್ಲಿ ಮಾತ್ರ ಮಾತು ಬಾಯಿಂದ ಬಾಯಿಗೆ ಹೊರಳುತ್ತದೆ. ಒಬ್ಬಳ ಮಾತನ್ನು ಇನ್ನೊಬ್ಬಳು ತಿದ್ದುತ್ತಾಳೆ, ಮೂರನೆಯವಳು ನಗುತ್ತಾಳೆ, ಅಷ್ಟರಲ್ಲಿ ಒಂದು ಬಾಳಿನ ಗುಟ್ಟು ಹೊರಬಿದ್ದಿರುತ್ತದೆ. ನಮ್ಮ ಲೇಖಕರಲ್ಲಿ ಪಟ್ಟಾಂಗದ ಧರ್ಮವನ್ನು ಬಲ್ಲವರು ಅವರು. ಆದರೆ ಅದು ಅಡುಗೆಮನೆಯ, ಹಿತ್ತಿಲಿನ ಪಟ್ಟಾಂಗ. ಮೈದಾನದ ಪಟ್ಟಾಂಗಕ್ಕೆ ಅಂಥ ಲೇಖನಿ ಇನ್ನೂ ದೊರೆಯಬೇಕಾಗಿದೆ.

ಹೊಗಳಿಕೆಯೊಂದೇ ವಿಮರ್ಶೆಯಲ್ಲ, ದೋಷಗಳನ್ನೂ ಹೇಳಬೇಕು. ಮೈದಾನದ ಕಟ್ಟೆಯಲ್ಲಿ ಹೆಂಗಸರಿಲ್ಲ. ತಲೆವಸ್ತ್ರದ ಮಾತನ್ನು ಅಂದು ಆಡಿದವರೆಲ್ಲ ಗಂಡಸರು ಎಂಬುದನ್ನು ಮರೆಯುವಂತಿಲ್ಲ. ಎರಡನೆಯದಾಗಿ, ಸೊಗಸಾದ ಕತೆ ಸಿಕ್ಕಿದರೆ ಪಟ್ಟಾಂಗ ಸತ್ಯವನ್ನು ಬಿಟ್ಟುಕೊಡುತ್ತದೆ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲ ಎಂಬ ಕತೆ ಇವತ್ತಿಗೂ ಚಲಾವಣೆಯಲ್ಲಿದೆ. ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬವು ಸಂಘದವರು ಆಗ ಕೊಟ್ಟ ಕಾರಣಗಳು. ಆದರೆ ಅವುಗಳಲ್ಲಿ ಕತೆಯ ರುಚಿಯಿಲ್ಲ! ಮೂರನೆಯದಾಗಿ, ದೂರದ ಬೆಟ್ಟವೇ ನುಣ್ಣಗೆ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ತಂದಿತು. ಮೆಸ್ಸಿಯ ಎಡಗಾಲಿನ ಮೇಲೆ ಪುರಾಣ ಹೇಳಬಲ್ಲ ಕಟ್ಟೆ ಈ ಗೆಲುವಿಗೆ ಅರ್ಧ ಸಂಜೆಯನ್ನೂ ಕೊಡಲಿಲ್ಲ.

ಈ ದೋಷಗಳಿಗೆ ಮದ್ದು ಪಟ್ಟಾಂಗದೊಳಗೇ ಇದೆ. “ನಿಮ್ಗ್ ಯಾರ್ ಹೇಳಿದ್ದ್?” ಎಂದು ಕೇಳುವವನೊಬ್ಬ ಪ್ರತಿಯೊಂದು ಕಟ್ಟೆಯಲ್ಲಿಯೂ ಇರುತ್ತಾನೆ, ಇರಬೇಕು. ಮೊಬೈಲಿನಲ್ಲಿ ಬಂದ ಸಂದೇಶವನ್ನು ಮುಂದಕ್ಕೆ ದಾಟಿಸುವಾಗ ಈ ಪ್ರಶ್ನೆಯನ್ನು ಕೇಳುವವನು ಎದುರಿಗಿರುವುದಿಲ್ಲ. ಟೆಲಿವಿಷನ್ನಿನ ವಾಗ್ವಾದದಲ್ಲಿ ಕೇಳುವವನಿದ್ದರೂ ಉತ್ತರಕ್ಕೆ ಕಾಯುವವನಿಲ್ಲ.

ಕೊನೆಯದಾಗಿ ನನ್ನ ವೃತ್ತಿಬಾಂಧವರಿಗೆ ಒಂದು ಮಾತು. ಕ್ರೀಡೆಯ ಮಹತ್ವ, ವಿಜ್ಞಾನದ ಸಾಧನೆ, ಪ್ರಜಾಪ್ರಭುತ್ವದ ಸವಾಲು ಎಂದು ಬೇರೆ ಬೇರೆ ಶೀರ್ಷಿಕೆ ಕೊಟ್ಟು ನಾವು ಪ್ರಬಂಧ ಬರೆಸುತ್ತೇವೆ. ಹುಡುಗರು ಮೂರನ್ನೂ ಬಾಯಿಪಾಠ ಮಾಡಿ, ಒಂದರ ಗಾಳಿ ಇನ್ನೊಂದಕ್ಕೆ ಸೋಕದಂತೆ ಬರೆದೊಪ್ಪಿಸುತ್ತಾರೆ. ಅದೇ ಹುಡುಗರು ಸಂಜೆ ಮೈದಾನದಲ್ಲಿ ಮೂರನ್ನೂ ಕೂಡಿಸಿ ಮಾತನಾಡುತ್ತಾರೆ, ತಪ್ಪಿದರೆ ಪರಸ್ಪರ ತಿದ್ದುತ್ತಾರೆ. ಪರೀಕ್ಷೆಯಲ್ಲಿ ಒಮ್ಮೆಯಾದರೂ ಒಬ್ಬರ ವಾದಕ್ಕೆ ಇನ್ನೊಬ್ಬರು ಕೊಡುವ ಉತ್ತರವನ್ನು ಬರೆಯಹೇಳಿದರೆ, ಆಡುಮಾತಿನಲ್ಲಿಯೇ ಬರೆಯಲು ಬಿಟ್ಟರೆ, ಕಟ್ಟೆಯ ಮಾತಿಗೆ ಕಾಗದ ಸಿಕ್ಕೀತು. ಮೈದಾನದ ಪಟ್ಟಾಂಗವನ್ನು ಬರೆಯಬಲ್ಲ ಲೇಖಕನು ಅಂಥ ಉತ್ತರ ಪತ್ರಿಕೆಯೊಂದರಿಂದಲೇ ಹುಟ್ಟಿಬಂದರೆ ನನಗೇನೂ ಆಶ್ಚರ್ಯವಿಲ್ಲ.