ಬೆನ್ನ ಹಿಂದಿನ ಹಾಡು

ಯುರೋಪಿಗೆ ಹೋಗಿಬಂದ ಸಂಗೀತಪ್ರಿಯರನ್ನು ಮಾತಿಗೆಳೆದರೆ ಮೊಜಾರ್ಟ್ ಹುಟ್ಟಿದ ಮನೆ, ಬೀಥೋವನ್ ಸಮಾಧಿ, ಬಾಖ್ ಪ್ರತಿಮೆ ಎಂದು ನೋಡಿದ್ದನ್ನೆಲ್ಲ ಹೇಳುತ್ತಾರೆ. 'ಏನು ಕೇಳಿದಿರಿ?' ಎಂದರೆ ಮಾತು ತಡವರಿಸುತ್ತದೆ. ತಪ್ಪು ಅವರದೊಂದೇ ಅಲ್ಲ. ಹದಿನೈದು ದಿನಕ್ಕೆ ಏಳೆಂಟು ದೇಶ ಸುತ್ತಿಸುವ ಪ್ಯಾಕೇಜ್ ಟೂರಿನಲ್ಲಿ ಕಛೇರಿ ಶುರುವಾಗುವ ಹೊತ್ತಿಗೆ ಬಸ್ಸು ಊಟದ ಹೋಟೆಲಿನ ಮುಂದೆ ನಿಂತಿರುತ್ತದೆ. ಸಂಗೀತ ಅರಸಿ ಹೊರಟ ಪ್ರವಾಸದ ಬೆಲೆ ಕಟ್ಟಬೇಕಾದದ್ದು ಕಿವಿ. ಆ ಒರೆಗಲ್ಲಿಗೆ ಹಚ್ಚಿದರೆ ಹೆಸರಾದ ಊರುಗಳ ಮೇಲುಕೀಳು ಅದಲುಬದಲಾಗುತ್ತದೆ.

ಮೊದಲು ಸಾಲ್ಜ್‌ಬರ್ಗ್. ಗೆಟ್ರೈಡೆಗಾಸೆ ಬೀದಿಯ 9ನೇ ನಂಬರಿನ ಮನೆಯಲ್ಲಿ 1756ರ ಜನವರಿ 27ರಂದು ಮೊಜಾರ್ಟ್ ಹುಟ್ಟಿದ. ಬಾಲ್ಯದಲ್ಲಿ ಅವನು ನುಡಿಸಿದ ಪುಟ್ಟ ಪಿಟೀಲು ಅಲ್ಲಿದೆ. ಅದರ ಅಳತೆ ನೋಡಿದಾಗ ಆ ಕೈ ಎಷ್ಟು ಚಿಕ್ಕದಿತ್ತು ಎಂಬುದು ಎದೆಗೆ ತಟ್ಟುತ್ತದೆ. ಅಷ್ಟರ ಮಟ್ಟಿಗೆ ಈ ಮನೆ ಸಾರ್ಥಕ. ಆದರೆ ಪಿಟೀಲು ಮೂಕ. ಹಿಂದಿನವರು ನೂಕುತ್ತಾರೆ, ನಾವು ಮುಂದಿನ ಕೋಣೆಗೆ ಸರಿಯುತ್ತೇವೆ. ಹೊರಗೆ ಬಂದರೆ ಅಂಗಡಿಗಳ ತುಂಬ ಅವನ ಮುಖ ಅಚ್ಚಾದ ಚಾಕೊಲೇಟ್ ಉಂಡೆಗಳು.

ಜರ್ಮನಿಯ ಐಸೆನಾಖ್‌ನ ಕತೆ ಬೇರೆ. 1685ರಲ್ಲಿ ಬಾಖ್ ಹುಟ್ಟಿದ ಊರು ಅದು. ಒಂದು ಹಳೆಯ ಮನೆಯನ್ನು ಅವನು ಹುಟ್ಟಿದ ಮನೆಯೆಂದೇ ನಂಬಿ 1907ರಲ್ಲಿ ಮ್ಯೂಸಿಯಂ ಮಾಡಿದರು. ಆ ನಂಬಿಕೆ ಮುಂದೆ ನಿಲ್ಲಲಿಲ್ಲ. ಆದರೂ ಅಲ್ಲಿಗೆ ಹೋಗಬೇಕು ಎನ್ನುತ್ತೇನೆ. ಬಂದವರನ್ನು ಕೂರಿಸಿ ಆ ಕಾಲದ ಕೀಲಿಮಣೆ ವಾದ್ಯಗಳನ್ನು ಅಲ್ಲಿ ನುಡಿಸಿ ಕೇಳಿಸುತ್ತಾರೆ. ಅವುಗಳಲ್ಲೊಂದಾದ ಕ್ಲಾವಿಕಾರ್ಡ್‌ನ ದನಿ ಎಷ್ಟು ಮೆಲುವೆಂದರೆ, ಪಕ್ಕದವರು ಕೆಮ್ಮಿದರೆ ಒಂದು ಎಳೆ ಕಳೆದುಹೋಗುತ್ತದೆ. ಎಂಥ ನಿಶ್ಶಬ್ದವನ್ನು ನೆಚ್ಚಿಕೊಂಡು ಈ ಸಂಗೀತ ಹುಟ್ಟಿತು ಎಂಬುದು ಅಲ್ಲಿ ಹತ್ತೇ ನಿಮಿಷದಲ್ಲಿ ಅರ್ಥವಾಗುತ್ತದೆ.

ಕಛೇರಿ ಕೇಳುವುದು ದುಬಾರಿ ಎಂಬ ನೆವವೂ ನಿಲ್ಲದು. ವಿಯೆನ್ನಾದಲ್ಲಿ ವಿಗ್ ತೊಟ್ಟವರು ಪ್ರವಾಸಿಗರಿಗೆ ಮಾರುವ 'ಮೊಜಾರ್ಟ್ ಸಂಜೆ'ಯ ಟಿಕೆಟ್ಟಿಗಿಂತ ಅಲ್ಲಿನ ಸ್ಟೇಟ್ ಒಪೆರಾದಲ್ಲಿ ನಿಂತು ಕೇಳುವ ಜಾಗ ಎಷ್ಟೋ ಅಗ್ಗ. ಅಂಥ ಜಾಗಗಳು ನಾನೂರಕ್ಕೂ ಹೆಚ್ಚು. ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುವುದು ಅಲ್ಲಿಯ ರೂಢಿ. ಮೂರು ಗಂಟೆ ಕಾಲು ನೋಯಿಸಿಕೊಂಡು ಒಪೆರಾ ಕೇಳುವ ಆ ಊರಿನವರ ನಡುವೆ ನಿಂತಾಗಲೇ ವಿಯೆನ್ನಾ ಸಂಗೀತದ ಊರು ಅನ್ನಿಸುವುದು.

ಇವೆಲ್ಲಕ್ಕಿಂತ ಮೇಲೆ ನಾನಿಡುವುದು ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚನ್ನು. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಬಾಖ್ ಇಲ್ಲಿ ಕ್ಯಾಂಟರ್, ಅಂದರೆ ಸಂಗೀತದ ಮುಖ್ಯಸ್ಥ ಆಗಿದ್ದ. ಅವನ ಸಂಸಾರವಿದ್ದ ಚರ್ಚಿನ ಶಾಲೆಯ ಕಟ್ಟಡವನ್ನು 1902ರಲ್ಲಿ ಕೆಡವಿದ್ದರಿಂದ ತೋರಿಸಲು ಮನೆಯೇ ಇಲ್ಲ. ಉಳಿದಿರುವುದು 1212ರಷ್ಟು ಹಿಂದೆ ಆರಂಭವಾಗಿ, ಬಾಖ್ ಕೈಯಲ್ಲಿ ಪಳಗಿದ ಹುಡುಗರ ಗಾಯನವೃಂದ. ರಜೆ, ತಿರುಗಾಟದ ದಿನ ಬಿಟ್ಟರೆ ಶುಕ್ರವಾರ ಸಂಜೆ, ಶನಿವಾರ ಮಧ್ಯಾಹ್ನ ಅವರ ಹಾಡಿರುತ್ತದೆ. ಅದಕ್ಕೆ ಕೊಡುವ ಹಣ ನಾಮಮಾತ್ರ.

ಚರಿತ್ರೆಯೂ ಅಲ್ಲೇ ಹೊರಗೆ ನಿಂತಿದೆ. ಮರೆವಿಗೆ ಸಂದಿದ್ದ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಅನ್ನು 1829ರಲ್ಲಿ ಬರ್ಲಿನ್‌ನಲ್ಲಿ ಹಾಡಿಸಿ ಮತ್ತೆ ಜೀವ ಕೊಟ್ಟವನು ಇಪ್ಪತ್ತರ ತರುಣ ಸಂಗೀತಕಾರ ಮೆಂಡೆಲ್ಸನ್. ಅವನದು ಯಹೂದಿ ಮೂಲವೆಂದು ನಾತ್ಸಿಗಳು 1936ರಲ್ಲಿ ಈ ಊರಿನ ಅವನ ಪ್ರತಿಮೆಯನ್ನು ಕಿತ್ತುಹಾಕಿದರು. ಚರ್ಚಿನ ಬಳಿ ಈಗಿರುವುದು 2008ರಲ್ಲಿ ನಿಲ್ಲಿಸಿದ ಪ್ರತಿರೂಪ. ಒಳಗೆ ಹಾಡು ಕೇಳಿ ಹೊರಬಂದು ಅದರ ಮುಂದೆ ನಿಂತರೆ, ಈ ಹಾಡು ನಮ್ಮವರೆಗೆ ಬಂದದ್ದು ಯಾರ ಋಣದಿಂದ, ಆ ಋಣವನ್ನು ಹೇಗೆ ತೀರಿಸಿದರು ಎಂದು ಮನಸ್ಸು ಭಾರವಾಗುತ್ತದೆ.

ಒಂದು ಕೊರತೆ ಹೇಳಲೇಬೇಕು. ಇಲ್ಲಿ ಹಾಡುವ ಬಾಖ್‌ನ ಕೃತಿಗಳಲ್ಲಿ ಸ್ವರಕ್ಕೂ ಮಾತಿಗೂ ಬಿಡಿಸಲಾಗದ ನಂಟು. ಜರ್ಮನ್ ಬಾರದವರಿಗೆ ಅರ್ಧ ಕೈತಪ್ಪುತ್ತದೆ, ಸಾಹಿತ್ಯ ತಿಳಿಯದೆ ಕೀರ್ತನೆ ಕೇಳಿದ ಹಾಗೆ. ಅಂದು ಹಾಡುವುದರ ಅರ್ಥವನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು.

ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಚಪ್ಪರದಲ್ಲಿ ಕಛೇರಿ ಕೇಳಿದವರಿಗೆ ಉಳಿದದ್ದು ಹೊಸದೆನಿಸದು. ದೇವರ ಕಾರ್ಯವೂ ಸಂಗೀತವೂ ಒಂದೇ ಆಗಿರುವ ಆ ಹದ ಲೈಪ್‌ಜಿಗ್‌ನಲ್ಲಿಯೂ ಇದೆ. ಬಾಖ್‌ನ ಅಸ್ಥಿಗಳನ್ನು 1950ರಲ್ಲಿ ಈ ಚರ್ಚಿಗೆ ತಂದಿರಿಸಿದರು. ಕೇಳಲು ಕೂತವರ ಎದುರಿಗೆ, ಪೂಜಾವೇದಿಕೆಯ ನೆಲದಲ್ಲಿ, ಅವನ ಹೆಸರು ಕೊರೆದ ಕಂಚಿನ ಹಲಗೆ. ಮೇಲೆ ಯಾರೋ ಇಟ್ಟ ಹೂವು. ಹುಡುಗರು ಹಾಡುವುದು ಮಾತ್ರ ಹಿಂದೆ, ಪಶ್ಚಿಮದ ಎತ್ತರದ ಗ್ಯಾಲರಿಯಲ್ಲಿ. ಹಾಡು ಮೊದಲಾದಾಗ ಕೆಲವರು ತಿರುಗಿ, ಕತ್ತೆತ್ತಿ ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಅವರೂ ಮುಂದೆ ತಿರುಗಿ, ಕಣ್ಣು ಮುಚ್ಚಿ ಕೂರುತ್ತಾರೆ.