ಕೃತಪುರ ನಾಟಕ ಮಂಡಳಿ: ಹುಟ್ಟಿನ ಕಥೆಯ ಮರುಪರಿಶೀಲನೆ

1

ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯ ಚರಿತ್ರೆ ಸಾಮಾನ್ಯವಾಗಿ ಗದಗಿನಿಂದ ಆರಂಭವಾಗುತ್ತದೆ. ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು (1856–1920) 1870ರ ದಶಕದಲ್ಲಿ ಅಲ್ಲಿ ಕಟ್ಟಿದ 'ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ' ಕನ್ನಡದ ಮೊದಲ ವೃತ್ತಿ ನಾಟಕ ಮಂಡಳಿಯೆಂಬ ಗೌರವಕ್ಕೆ ಪಾತ್ರವಾಗಿದೆ. ಈ ಹುಟ್ಟಿನ ಹಿನ್ನೆಲೆಯನ್ನು ಹೇಳುವ ಕಥೆಯೂ ಸ್ಥಿರಗೊಂಡಿದೆ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಮರಾಠಿ ಮಂಡಳಿಗಳು ಸಂಚರಿಸುತ್ತಿದ್ದವು. ಕನ್ನಡಿಗರು ತಮ್ಮದಲ್ಲದ ಭಾಷೆಯ ನಾಟಕಗಳಿಗೆ ಮುಗಿಬೀಳುತ್ತಿದ್ದರು. ಇದನ್ನು ಕಂಡು ನೊಂದ ತರುಣ ಕವಿ ಕನ್ನಡದಲ್ಲಿ ನಾಟಕ ರಚಿಸಿ ಆಡಿಸಿದರು. 'ಉಷಾಹರಣ' ಈ ಪ್ರಯತ್ನದ ಮೊದಲ ಫಲ.

ಈ ಕಥೆ ಸುಳ್ಳಲ್ಲ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದ ಕಾಲವದು. ಶಾಲಾಶಿಕ್ಷಕರಾಗಿದ್ದ ಶಾಂತಕವಿಗಳಿಗೆ ಭಾಷೆಯ ಹೀನಸ್ಥಿತಿ ಕಣ್ಣೆದುರಿನ ವಾಸ್ತವವಾಗಿತ್ತು. ಆದರೆ ಈ ಕಥೆ ಅಪೂರ್ಣವಾದುದು. ಮಂಡಳಿಯನ್ನು ಕೇವಲ ಒಂದು ಪ್ರತಿಭಟನೆಯೆಂದು ಓದಿದಾಗ ಅದು ಯಾವ ರಂಗಪ್ರಕಾರವನ್ನು ಕೈಗೆತ್ತಿಕೊಂಡಿತು, ಆ ಪ್ರಕಾರ ಎಲ್ಲಿಂದ ಬಂದಿತ್ತು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಪ್ರಶ್ನೆಗಳನ್ನು ಮುಂದಿಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ಗದಗಿನ ಮಂಡಳಿಗೆ ಮೂರು ದಶಕಗಳ ಹಿಂದೆ ಸಾಂಗ್ಲಿಯಲ್ಲಿ ನಡೆದ ಸಂಗತಿಯನ್ನು ಮೊದಲು ನೆನೆಯಬೇಕು. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿಯ ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದನ್ನು ಮೆಚ್ಚಿದ ಸಂಸ್ಥಾನಿಕರು, ಇದಕ್ಕಿಂತ ಪರಿಷ್ಕೃತವಾದ ಆಟವನ್ನು ಮರಾಠಿಯಲ್ಲಿ ಕಟ್ಟುವಂತೆ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ 'ಸೀತಾಸ್ವಯಂವರ' ರಂಗಕ್ಕೇರಿತು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಎಣಿಸುವುದು ಅಲ್ಲಿಂದಲೇ. ಸಾಂಗ್ಲಿಗೆ ಹೋದದ್ದು ಹೊನ್ನಾವರದ ಬಳಿಯ ಕರ್ಕಿಯ ಮೇಳವೆಂದು ಹಲವು ಸಂಶೋಧಕರು ಗುರುತಿಸಿದ್ದಾರೆ.

ಈ ಸಂಗತಿ ನಮ್ಮಲ್ಲಿ ಅಪರಿಚಿತವೇನಲ್ಲ. ಆದರೆ ಅದನ್ನು ಬಳಸಿಕೊಂಡಿರುವ ರೀತಿ ಚರ್ಚಾರ್ಹವಾಗಿದೆ. ಬಹುಮಟ್ಟಿಗೆ ಅದು 'ಮರಾಠಿ ರಂಗಭೂಮಿಗೆ ಕನ್ನಡವೇ ತಾಯಿ' ಎಂಬ ಅಭಿಮಾನದ ಮಾತಿಗೆ ಪುರಾವೆಯಾಗಿ ಬಂದು ಅಲ್ಲಿಗೇ ನಿಲ್ಲುತ್ತದೆ. ತಂಜಾವೂರಿನ ಭೋಸಲೆ ಅರಸರ ಮರಾಠಿ ನಾಟಕಗಳು, ಕೊಂಕಣದ ದಶಾವತಾರಿ ಆಟ, ಕೀರ್ತನ, ಲಳಿತಗಳಂಥ ಮೂಲಗಳೂ ಮರಾಠಿಗಿದ್ದವು ಎಂಬುದನ್ನು ಮರೆತು ಆಡುವ ಮಾತಿದು. ಅದಕ್ಕಿಂತ ಮುಖ್ಯವಾದುದು, ಮೇಳದ ಆಟ 'ಅಪರಿಷ್ಕೃತ', ಅದನ್ನು ತಿದ್ದಿದ್ದು 'ನಾಟಕ' ಎಂಬ ಸಂಸ್ಥಾನಿಕರ ತೀರ್ಪನ್ನು ನಾವೂ ಪರೀಕ್ಷಿಸದೆ ಒಪ್ಪಿಕೊಂಡಿರುವುದು. ಅಂದರೆ ಮೇಳದ ಹಿರಿಮೆ ಅದು ಸ್ವತಃ ಏನಾಗಿತ್ತು ಎಂಬುದರಲ್ಲಿಲ್ಲ, ಇನ್ನೊಂದಕ್ಕೆ ಕಾರಣವಾದುದರಲ್ಲಿದೆ ಎಂದಾಗುತ್ತದೆ.

3

ಆ ತಿದ್ದುವಿಕೆ ಎಷ್ಟರಮಟ್ಟಿನದು? ಭಾವೆಯವರ ನಾಟಕಗಳಲ್ಲಿ ಸೂತ್ರಧಾರ ಆದಿಯಿಂದ ಅಂತ್ಯದವರೆಗೆ ರಂಗದ ಮೇಲೆಯೇ ಇರುತ್ತಿದ್ದ. ಪದಗಳನ್ನು ಹಾಡುವವನು ಅವನು. ಕಥೆಯನ್ನು ನಡೆಸುವವನೂ ಅವನೇ. ಗಣಪತಿ, ಸರಸ್ವತಿಯರ ಸ್ತುತಿ ಮತ್ತು ಪ್ರವೇಶ, ವಿದೂಷಕನ ಹಾಸ್ಯ, ಅಬ್ಬರದ ರಾಕ್ಷಸ ಪ್ರವೇಶ ಇವೆಲ್ಲ ಅಲ್ಲಿದ್ದವು. ಬರಹದಲ್ಲಿರುತ್ತಿದ್ದುದು ಪದಗಳು ಮಾತ್ರ. ಪದದ ಅರ್ಥವನ್ನು ಹಿಡಿದು ನಟರು ಆ ಕ್ಷಣದಲ್ಲಿ ತಮ್ಮ ಮಾತನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು.

ಯಕ್ಷಗಾನವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತ, ಪೂರ್ವರಂಗ, ಹಾಸ್ಯಗಾರ, ಬಣ್ಣದ ವೇಷ, ಪದಗಳಷ್ಟೇ ಇರುವ ಪ್ರಸಂಗ, ಆಶುವಾಗಿ ಹೇಳುವ ಅರ್ಥ – ಒಂದೊಂದಕ್ಕೂ ಇಲ್ಲಿ ಜೋಡಿಯಿದೆ. ಭಾವೆಯವರು ಮುಂದೆ ಸಂಗ್ರಹಿಸಿ ಪ್ರಕಟಿಸಿದ ನಾಟ್ಯಪದಗಳನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರಸಂಗಗಳೆಂದೇ ಕರೆಯಬೇಕು. ಭಾಷೆ ಬದಲಾಯಿತು, ವೇಷಭೂಷಣ ಮತ್ತು ಕುಣಿತ ಬದಲಾದವು, ಆದರೆ ಆಟವನ್ನು ಹೊತ್ತ ಕಂಬಗಳು ಬದಲಾಗಲಿಲ್ಲ.

ನಿಜವಾದ ಪಲ್ಲಟ ಕಾಣಿಸಿದ್ದು 1880ರಲ್ಲಿ, ಅಣ್ಣಾಸಾಹೇಬ ಕಿರ್ಲೋಸ್ಕರರ (1843–1885) 'ಸಂಗೀತ ಶಾಕುಂತಲ'ದಲ್ಲಿ. ಅಲ್ಲಿ ಸೂತ್ರಧಾರ ಆರಂಭದ ಪ್ರವೇಶ ಮುಗಿಸಿ ನೇಪಥ್ಯಕ್ಕೆ ಸರಿದ. ಪದಗಳು ಪಾತ್ರಗಳ ಕೊರಳಿಗೆ ಬಂದವು. ಮಾತು ಲಿಖಿತವಾಯಿತು. ಈ ತಿರುವಿನಲ್ಲಿಯೂ ಕನ್ನಡದ ಪಾಲು ಇಲ್ಲದಿಲ್ಲ. ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1870ರ ಹೊತ್ತಿಗೆ ಬಂದ ಚುರಮುರಿ ಶೇಷಗಿರಿರಾಯರ ಕನ್ನಡ 'ಶಾಕುಂತಲ' ಅವರಿಗೆ ಪ್ರೇರಣೆಯಾಗಿತ್ತೆಂದು ವಿದ್ವಾಂಸರು ಹೇಳಿದ್ದಾರೆ. ಹೀಗೆ ಗಡಿಯ ಎರಡೂ ಬದಿಗೆ ಕೊಡುಕೊಳ್ಳುವಿಕೆ ನಡೆದೇ ಇತ್ತು.

4

ಈ ಕಾಲಾನುಕ್ರಮದಲ್ಲಿ ಕೃತಪುರ ಮಂಡಳಿಯ ಸ್ಥಾನ ಯಾವುದು? ಅದು ಹುಟ್ಟಿದ್ದು 'ಸಂಗೀತ ಶಾಕುಂತಲ'ಕ್ಕೆ ಮೊದಲು. ಆದ್ದರಿಂದ ಶಾಂತಕವಿಗಳು ಎದುರಿಸಿದ ಮರಾಠಿ ನಾಟಕ ಮುಖ್ಯವಾಗಿ ಭಾವೆಯವರ ಮಾರ್ಗದ್ದು. ಉತ್ತರ ಕನ್ನಡದಿಂದ ಹೊರಟು ಸಾಂಗ್ಲಿಯಲ್ಲಿ ವೇಷ ಬದಲಿಸಿ ಗದಗಿಗೆ ಮರಳಿದ ಆಟಕ್ಕೆ ಕನ್ನಡದ ಮಾತನ್ನು ಮತ್ತೆ ಕೊಟ್ಟದ್ದೇ ಆ ಮಂಡಳಿಯ ಕೆಲಸವೆಂದು ನನ್ನ ಗ್ರಹಿಕೆ. ಅದನ್ನು ಹುಟ್ಟು ಎನ್ನುವುದಕ್ಕಿಂತ ಮರಳಿಕೆ ಎನ್ನುವುದು ಹೆಚ್ಚು ಸರಿ.

ಮಂಡಳಿಯ ಹೆಸರೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮೊದಲು ಬರುವವನು ಗದಗಿನ ದೈವ ವೀರನಾರಾಯಣ. ಕುಮಾರವ್ಯಾಸನ ಕಾವ್ಯಕ್ಕೆ ಒಡೆಯನಾದ ದೇವರು ಆಟದವರಿಗೂ ಒಡೆಯನಾದ. ಕರಾವಳಿಯ ಮೇಳಗಳು ಇಂದಿಗೂ ಮಂದಾರ್ತಿ, ಮಾರಣಕಟ್ಟೆ, ಕಟೀಲು ಎಂದು ಕ್ಷೇತ್ರದ ಹೆಸರಿನಲ್ಲಿಯೇ ತಿರುಗಾಟಕ್ಕೆ ಹೊರಡುತ್ತವೆ. ಅನಂತರ ಬರುವುದು ಊರು; ಅದು ಗದಗವೆಂಬ ಆಡುಮಾತಿನ ರೂಪದಲ್ಲಿಲ್ಲ, ಕೃತಪುರವೆಂಬ ಸಂಸ್ಕೃತ ರೂಪದಲ್ಲಿದೆ. ವಿದ್ಯಾವಂತರ ಮನ್ನಣೆಯನ್ನು ಬಯಸುವ ಹೊಸ ಆಕಾಂಕ್ಷೆ ಅದರಲ್ಲಿದೆ. ಕೊನೆಯ 'ನಾಟಕ ಮಂಡಳಿ' ಎಂಬುದು ಮರಾಠಿ ವೃತ್ತಿನಾಟಕದವರಲ್ಲಿ ರೂಢವಾಗಿದ್ದ ಪದಪುಂಜ. ಮೇಳ, ಶಾಲೆ, ಮರಾಠಿ ಕಂಪನಿ ಈ ಮೂರೂ ಒಂದೇ ಹೆಸರಿನಲ್ಲಿ ಸಾಲಾಗಿ ನಿಂತಿವೆ.

'ಉಷಾಹರಣ'ದ ವಸ್ತುವೂ ಇದನ್ನೇ ಹೇಳುತ್ತದೆ. ಬಾಣಾಸುರನ ಮಗಳು ಉಷೆ ಮತ್ತು ಅನಿರುದ್ಧರ ಕಥೆ ಬಯಲಾಟ, ಯಕ್ಷಗಾನಗಳ ಪ್ರೇಕ್ಷಕರಿಗೆ ಹೊಸದಲ್ಲ. ಕುಲಗೋಡ ತಮ್ಮಣ್ಣನಿಂದ ಬೆಳೆದ ಶ್ರೀಕೃಷ್ಣ ಪಾರಿಜಾತ, ಮೂಡಲಪಾಯ, ದೊಡ್ಡಾಟಗಳನ್ನು ಬೆಳತನಕ ನೋಡಿ ಪಳಗಿದ ಜನಕ್ಕೆ ಆ ಕಥೆಯ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಮೈಸೂರಿನ ರಂಗಭೂಮಿಗೆ ಅರಮನೆಯ ಆಶ್ರಯವಿತ್ತು. ಗದಗಿನ ಮಂಡಳಿಗಿದ್ದದ್ದು ಈ ಪಳಗಿದ ಪ್ರೇಕ್ಷಕವರ್ಗ ಮಾತ್ರ. ರೈಲು ಆ ಊರಿಗೆ ಬರುವ ಮುನ್ನವೇ, ಇಪ್ಪತ್ತರ ಆಸುಪಾಸಿನ ತರುಣನೊಬ್ಬ ಕಟ್ಟಿದ ಮಂಡಳಿ ಕಾಲೂರಿದ್ದು ಆ ನೆಲದ ಮೇಲೆ.

5

ಇಷ್ಟನ್ನು ಒಪ್ಪಿದರೆ ವಿಮರ್ಶೆಯ ಅಳತೆಗೋಲು ಬದಲಾಗಬೇಕಾಗುತ್ತದೆ. ಶಾಂತಕವಿಗಳ ನಾಟಕಗಳಲ್ಲಿ ಪದಗಳು ಹೆಚ್ಚು, ಸಂಭಾಷಣೆ ದುರ್ಬಲ, ಪಾತ್ರಪೋಷಣೆ ಸಾಲದು ಎಂಬ ಬಗೆಯ ಆಕ್ಷೇಪಗಳು ಅವುಗಳನ್ನು ಮುದ್ರಿತ ಸಾಹಿತ್ಯವಾಗಿ ಓದಿದಾಗ ಹುಟ್ಟುವಂಥವು. ಇವುಗಳ ಹಿಂದಿರುವ ಮಾದರಿ ಕಿರ್ಲೋಸ್ಕರರ ನಂತರದ ಕಂಪನಿ ನಾಟಕದ್ದು. ಶಿರಹಟ್ಟಿ, ಕೊಣ್ಣೂರ ಕಂಪನಿಗಳೂ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಬೆಳೆಸಿದ ಮಾದರಿ. ಆ ಕಣ್ಣಿನಿಂದ ನೋಡಿದಾಗ ಕೃತಪುರ ಮಂಡಳಿ ಒಂದು ಎಳಸು ಪ್ರಯತ್ನವಾಗಿ ಮಾತ್ರ ಕಾಣುತ್ತದೆ. ಪ್ರಸಂಗವೊಂದನ್ನು ಕೈಯಲ್ಲಿ ಹಿಡಿದು 'ಇಲ್ಲಿ ಮಾತೇ ಇಲ್ಲ' ಎಂದು ಯಾರೂ ದೂರುವುದಿಲ್ಲ. ಮಾತು ರಂಗದ ಮೇಲೆ ಹುಟ್ಟುತ್ತದೆಂದು ಬಲ್ಲೆವು. ಆ ವಿವೇಕ ಶಾಂತಕವಿಗಳ ಕೃತಿಗಳ ಓದಿಗೂ ಬೇಕು.

ಈ ತಪ್ಪಿಗೆ ನಮ್ಮ ಅಧ್ಯಯನಗಳ ಹಂಚಿಕೆಯೂ ಕಾರಣವಾಗಿದೆ. ವಿಶ್ವವಿದ್ಯಾಲಯಗಳಲ್ಲಿ ಜಾನಪದ ಒಂದು ವಿಭಾಗ, ನಾಟಕ ಇನ್ನೊಂದು ವಿಭಾಗ. ರಾಜ್ಯದಲ್ಲಿ ನಾಟಕ, ಜಾನಪದ, ಯಕ್ಷಗಾನ, ಬಯಲಾಟಗಳಿಗೆ ಬೇರೆ ಬೇರೆ ಅಕಾಡೆಮಿಗಳಿವೆ. ಆಡಳಿತದ ಅನುಕೂಲಕ್ಕೆ ಇದು ಸರಿಯಿರಬಹುದು. ಆದರೆ ಚರಿತ್ರೆ ಹಾಗೆ ಹಂಚಿಕೊಂಡು ನಡೆದಿರಲಿಲ್ಲ. ಕರ್ಕಿಯ ಮೇಳ ಯಕ್ಷಗಾನದ ಸಂಪುಟಕ್ಕೆ, ಕೃತಪುರ ಮಂಡಳಿ ವೃತ್ತಿರಂಗಭೂಮಿಯ ಸಂಪುಟಕ್ಕೆ ಹೋದಾಗ ಅವೆರಡರ ನಡುವಿನ ದಾರಿ ಯಾರ ಸಂಪುಟಕ್ಕೂ ಸೇರದೆ ಉಳಿಯುತ್ತದೆ.

ಜಾನಪದ ಸಂಶೋಧಕರೂ ಈ ಹೊಣೆಯಿಂದ ಹೊರತಲ್ಲ. ಕಂಪನಿ ನಾಟಕವನ್ನು ಬಯಲಾಟವನ್ನು ಕೆಡಿಸಿದ ನಗರದ ಸರಕೆಂದು ದೂರವಿಟ್ಟವರು ನಾವು. ಬಯಲಾಟದ ಕಲಾವಿದರನ್ನು ಸಂದರ್ಶಿಸುವಾಗ ಅವರು ಕಂಪನಿಗಳಲ್ಲಿ ದುಡಿದ ವರ್ಷಗಳನ್ನು ಕೇಳದೆ ಬಿಟ್ಟದ್ದುಂಟು. ನಾನು ಕೂಡ ಹಾಗೆ ಬಿಟ್ಟಿದ್ದೇನೆ. ಹೀಗೆ ಕೈತಪ್ಪಿದ ನೆನಪುಗಳನ್ನು ಮರಳಿ ಪಡೆಯುವುದು ಈಗ ಸುಲಭವಲ್ಲ.

ಶಾಂತಕವಿಗಳ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಅವರು ಏನೂ ಇಲ್ಲದ ಕಡೆ ರಂಗಭೂಮಿಯನ್ನು ಸೃಷ್ಟಿಸಿದರೆಂಬ ಹೊಗಳಿಕೆಗಿಂತ, ಇದ್ದುದನ್ನು ಗುರುತಿಸಿ ಅದಕ್ಕೆ ಭಾಷೆಯ ಸ್ವಾಭಿಮಾನವನ್ನು ಕೂಡಿಸಿದರೆಂಬುದು ದೊಡ್ಡ ಮಾತು. ಸಾಂಗ್ಲಿಯ ದರಬಾರಿನಲ್ಲಿ ಕುಣಿದ ಭಾಗವತರ ಹೆಸರುಗಳು ಮರಾಠಿ ನಾಟಕದ ಚರಿತ್ರೆಯಲ್ಲಿ ದಾಖಲಾಗಲಿಲ್ಲ. ಕನ್ನಡ ನಾಟಕದ ಚರಿತ್ರೆಯೂ ಅವರನ್ನು ಮುನ್ನುಡಿಯ ಒಂದು ವಾಕ್ಯದಲ್ಲಿ ಮುಗಿಸಬಾರದು. ಗದಗಿನ ಮಂಡಳಿಯ ಅಧ್ಯಾಯವನ್ನು ಇನ್ನು ಮುಂದೆ ಬರೆಯುವವರು ಅದನ್ನು ಹೊನ್ನಾವರದ ಕಡಲತಡಿಯಿಂದ ಆರಂಭಿಸುವುದು ಸೂಕ್ತ.